ಕಾಲೇಜಿನ ವೆಚ್ಚವೂ ಊರವರ ಹೊಣೆಯೂ

(ಹಾವೇರಿಯ ಉಪಾಧ್ಯಾಯರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಳ್ಳಿಯ ಮಕ್ಕಳು ಕಾಲೇಜನ್ನು ಸೇರದಿರುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ, ಹಣದ ಕೊರತೆಯೇ ಕಾರಣವೆಂದು ಎಲ್ಲರೂ ಹೇಳುವರು. ಮಾತು ನಿಜ. ಆದರೆ ಯಾವುದಕ್ಕೆ ಬೇಕಾದ ಹಣ, ಯಾವ ಹೊತ್ತಿಗೆ ಬೇಕಾದ ಹಣ ಎಂಬುದನ್ನು ವಿಚಾರಿಸದೆ ಉಪಾಯವು ಹೊಳೆಯಲಾರದು.

ಸರಕಾರಿ ಪದವಿ ಕಾಲೇಜಿನ ಶುಲ್ಕವೊಂದೇ ಇದ್ದರೆ ಹೇಗಾದರೂ ನಿಭಾಯಿಸಬಹುದು. ತಂದೆಯ ಬೆನ್ನನ್ನು ಬಗ್ಗಿಸುವುದು ಕೋಣೆಯ ಬಾಡಿಗೆ, ಖಾನಾವಳಿಯ ಊಟ, ಪುಸ್ತಕ, ಬಸ್ಸಿನ ಪಾಸು. ಇದನ್ನು ನಮ್ಮ ಹಿರಿಯರು ಅರಿತಿದ್ದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ಈ ಭಾಗದ ತರುಣರು ಪದವಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿತ್ತು. ಕಾಲೇಜು ಹತ್ತಿರ ಬಂದ ಮಾತ್ರಕ್ಕೆ ಬಡವನ ಹೊಟ್ಟೆ ತುಂಬಲಿಲ್ಲ. ಅದಕ್ಕಾಗಿಯೇ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದನಿಲಯವನ್ನು ನಡೆಸಿದರು; ಹಾವೇರಿಯ ಹುಕ್ಕೇರಿಮಠವೂ ವಿದ್ಯಾರ್ಥಿಗಳಿಗೆ ಅನ್ನವಿಕ್ಕಿತು. ವಿದ್ಯೆಯ ಮೊದಲ ಮೆಟ್ಟಿಲು ಅನ್ನವೆಂಬುದು ಅವರ ತಿಳಿವಳಿಕೆ.

ಇಂದು ಸರಕಾರದ ನೆರವು ಇಲ್ಲವೆನ್ನುವಂತಿಲ್ಲ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ-ವಸತಿಗಾಗಿ ತಿಂಗಳಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಬಂದಿತು. 2021ರಲ್ಲಿ ರೈತರ ಮಕ್ಕಳಿಗಾಗಿ ವಿದ್ಯಾನಿಧಿ ಆರಂಭವಾಯಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಆದರೆ ವಿದ್ಯಾರ್ಥಿವೇತನದ ಹಣವು ಪ್ರವೇಶವಾದ ಎಷ್ಟೋ ದಿನಗಳ ಮೇಲೆ ಕೈಸೇರುವುದು. ಶುಲ್ಕವನ್ನೂ ಕೋಣೆಯ ಮುಂಗಡವನ್ನೂ ಮೊದಲೇ ಕೊಡಬೇಕು.

ಒಕ್ಕಲಿಗನ ಪಂಚಾಂಗವನ್ನು ನೋಡಿರಿ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ರಾಶಿಯಾಗಿ ಬರುವುದು ಪುಷ್ಯ, ಮಾಘ, ಫಾಲ್ಗುಣಗಳಲ್ಲಿ. ಬಂದ ಹಣ ಸಾಲಕ್ಕೆ ಸಂದುಹೋಗುವುದು. 2024ರ ಮಾರ್ಚಿನಲ್ಲಿ ಆದಂತೆ ದರವೇ ಕುಸಿದರೆ ಕೈಯಲ್ಲಿ ಏನೂ ಉಳಿಯದು. ಕಾಲೇಜಿನ ಬಾಗಿಲು ತೆರೆಯುವುದೋ ಮುಂಗಾರಿನಲ್ಲಿ. ಬೀಜ-ಗೊಬ್ಬರಕ್ಕೂ ಅದೇ ಹೊತ್ತು. ಆಗ ಹತ್ತು ಸಾವಿರ ರೂಪಾಯಿ ಹುಟ್ಟದೆ ಜಾಣ ಹುಡುಗನು ಪೇಟೆಯಲ್ಲಿ ಚೀಲ ಹೊರಲು ನಿಲ್ಲುವನು. ಒಮ್ಮೆ ನಿಂತವನು ಮರಳಿ ಪುಸ್ತಕ ಹಿಡಿಯುವುದು ವಿರಳ.

ಆದುದರಿಂದ ನನ್ನ ಸೂಚನೆ ಇಷ್ಟೇ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿಯೂ ಒಂದೊಂದು ಕೈಗಡದ ನಿಧಿಯಾಗಲಿ. ನೂರು ಜನರು ತಲೆಗೆ ಸಾವಿರದಂತೆ ಕೊಟ್ಟರೆ ಒಂದು ಲಕ್ಷ. ಹತ್ತು ಸಾವಿರದಂತೆ ಹತ್ತು ಮಕ್ಕಳಿಗೆ ಪ್ರವೇಶ. ಬಡ್ಡಿ ಬೇಡ. ವಿದ್ಯಾರ್ಥಿವೇತನವೋ ಸುಗ್ಗಿಯ ಹಣವೋ ಬಂದಾಗ ಮರಳಿಸಲಿ; ಅದೇ ಹಣ ಮುಂದಿನ ವರ್ಷ ಬೇರೆಯವರಿಗೆ ಸಲ್ಲಲಿ. ಜಾತಿಯನ್ನು ಕೇಳಕೂಡದು, ಪಡೆದವರ ಹೆಸರನ್ನು ಸಭೆಯಲ್ಲಿ ಸಾರಕೂಡದು, ಲೆಕ್ಕವನ್ನು ಮಾತ್ರ ವರ್ಷಕ್ಕೊಮ್ಮೆ ಎಲ್ಲರೆದುರು ಓದತಕ್ಕದ್ದು. ವರ್ತಕ ಮಹಾಶಯರು ಮನಸ್ಸು ಮಾಡಿದರೆ ಇದು ಒಂದು ಸಂತೆಯ ದಿನದ ಕೆಲಸ.

ಉಪಾಧ್ಯಾಯರಿಂದ ಹಣಕ್ಕಿಂತ ಹೆಚ್ಚಿನದನ್ನು ಬೇಡುತ್ತೇನೆ. ಅಂಕಪಟ್ಟಿಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗದೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದು, ಸಿಗಬೇಕಾದ ನೆರವು ತಪ್ಪುವುದುಂಟು. ಪರೀಕ್ಷೆಯ ಮುಂಚೆಯೇ ಪ್ರತಿಯೊಬ್ಬ ವಿದ್ಯಾರ್ಥಿಯ ಕಾಗದಗಳನ್ನು ನೀವು ಒಮ್ಮೆ ನೋಡಿಕೊಟ್ಟರೆ ಅದೇ ದೊಡ್ಡ ದಾನ.

1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಮಂದಿ ಉಪಾಧ್ಯಾಯರು, ಸಿರಿವಂತರಲ್ಲ. ಅವರ ಸಂಸ್ಥೆಯ ಕಾಲೇಜು ಇದೇ ಹಾವೇರಿಯಲ್ಲಿ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರಿನಲ್ಲಿ ನಿಂತಿದೆ. ಕಾಲೇಜುಗಳನ್ನು ಹಿರಿಯರು ಕಟ್ಟಿಕೊಟ್ಟರು. ಅವುಗಳ ಹೊಸ್ತಿಲನ್ನು ಬಡವರ ಮಕ್ಕಳು ದಾಟುವಂತೆ ಮಾಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಬರುವ ಮುಂಗಾರಿನೊಳಗೆ ಅದು ಆಗಲಿ.