ಹೊರಗಿನ ಆಟಗಾರ ಮತ್ತು ಊರಿನ ಹುಡುಗ
(ಹಂಸಭಾವಿಯ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಕಬಡ್ಡಿಯ ಮಾತಾಡಲು ಪಕ್ಷದವರು ಯಾಕೆ ಬಂದರು ಎಂದು ಕೆಲವರು ಕೇಳಿದ್ದಾರೆ. ಕೂಲಿ, ಬೆಲೆ, ಭೂಮಿ ಇವು ನಮ್ಮ ವಿಷಯಗಳೆಂಬುದು ನಿಜ. ಆದರೆ ನೂರಾರು ಮನೆಗಳ ವಂತಿಗೆಯಿಂದ ನಡೆಯುವ ಪಂದ್ಯದಲ್ಲಿ ಆ ಹಣ ಯಾರ ಕೈಗೆ ಹೋಗುತ್ತದೆ, ಯಾರ ಮಗ ಅಂಗಳದೊಳಗೆ ನಿಲ್ಲುತ್ತಾನೆ, ಯಾರ ಮಗ ನೀರಿನ ಕೊಡ ಹಿಡಿದು ಹೊರಗೆ ನಿಲ್ಲುತ್ತಾನೆ ಎಂಬುದೂ ಕೂಲಿ-ಬೆಲೆಗಳ ಪ್ರಶ್ನೆಯೇ. ಅದಕ್ಕಾಗಿ ಬಂದಿದ್ದೇವೆ.

ಊರಲ್ಲಿ ಈಗ ಎರಡು ಪಕ್ಷಗಳಾಗಿವೆ. ಹೊರಗಿನ ಹೆಸರಾಂತ ಆಟಗಾರರನ್ನು ಹಣ ಕೊಟ್ಟು ಕರೆಸದಿದ್ದರೆ ಜನ ಸೇರುವುದಿಲ್ಲ, ಜನ ಸೇರದಿದ್ದರೆ ವಂತಿಗೆ ಏಳುವುದಿಲ್ಲ ಎನ್ನುವವರು ಒಂದು ಕಡೆ. ಹೊರಗಿನವರಿಗೆ ಅಂಗಳವೇ ಬೇಡ ಎನ್ನುವವರು ಇನ್ನೊಂದು ಕಡೆ. ನಾವು ಎರಡೂ ಮಾತನ್ನು ಪೂರ್ತಿಯಾಗಿ ಒಪ್ಪುವುದಿಲ್ಲ.

ಹೋದ ವರ್ಷದ ಅಂತಿಮ ಪಂದ್ಯವನ್ನು ನೆನಪಿಗೆ ತಂದುಕೊಳ್ಳಿ. ನಮ್ಮ ಹೆಸರಿನ ಬನಿಯನ್ ತೊಟ್ಟ ಏಳು ಜನರಲ್ಲಿ ಐವರು ಆ ದಿನ ಬೆಳಿಗ್ಗೆ ಜೀಪಿನಲ್ಲಿ ಬಂದು ಇಳಿದವರು. ಕಪ್ಪು ಗೆದ್ದೆವು, ಪಟಾಕಿ ಹಚ್ಚಿದೆವು. ಎರಡು ತಿಂಗಳ ನಂತರ ಊರಿನವರೇ ಆಡಬೇಕಾದ ಪಂದ್ಯಕ್ಕೆ ನಮ್ಮ ಹುಡುಗರು ಹೋದರು; ಮೊದಲನೆಯ ಸುತ್ತಿನಲ್ಲಿಯೇ ಸೋತು ರಾತ್ರಿ ಬಸ್ಸಿಗೆ ಮರಳಿದರು. ಅವರ ಕಾಲಲ್ಲಿ ಬಲವಿರಲಿಲ್ಲವೆಂದಲ್ಲ. ದೊಡ್ಡ ಪಂದ್ಯದ ಬಿಸಿಯಲ್ಲಿ ಅವರನ್ನು ನಾವು ಒಮ್ಮೆಯೂ ನಿಲ್ಲಿಸಿರಲಿಲ್ಲ. ಅವರಲ್ಲಿ ಇಬ್ಬರು ಈಗ ಅಂಗಳದ ಕಡೆಗೇ ಬರುವುದಿಲ್ಲ. ತಪ್ಪು ಅವರದಲ್ಲ, ಚೀಟಿ ಹರಿದು ವಂತಿಗೆ ಎತ್ತಿದ ನಮ್ಮೆಲ್ಲರದು.

ಹುಬ್ಬಳ್ಳಿ, ದಾವಣಗೆರೆಗಳ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರಿಗೆ 'ಬದಲಿ' ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಯಾರಾದರೂ ಬಾರದಿದ್ದರೆ ಕೆಲಸ, ಎಲ್ಲರೂ ಬಂದರೆ ಬರಿಗೈಯಲ್ಲಿ ಮನೆಗೆ. ಆ ಗೇಟಿನ ಮುಂದೆ ನಿಂತು ತಲೆ ನರೆತವರಿದ್ದರು. ಅದನ್ನು ಅನ್ಯಾಯವೆಂದು ಕೂಗಿದ ನಾವೇ ನಮ್ಮ ಮಕ್ಕಳನ್ನು ಅಂಗಳದ ಗೆರೆಯಾಚೆ ಕಾಯಂ ಬದಲಿಗಳನ್ನಾಗಿ ಕೂರಿಸಿದ್ದೇವೆ.

ಹಾಗೆಂದು ಹೊರಗಿನವನನ್ನು ಹಗೆಯೆಂದು ಕಾಣುವುದು ನಮ್ಮ ದಾರಿಯಲ್ಲ. ಅವನೂ ಮೈಬೆವರಿನಿಂದ ಉಣ್ಣುವವನು. ಮೊಣಕಾಲು ಮುರಿದರೆ ಅವನಿಗೆ ಪಿಂಚಣಿ ಇಲ್ಲ. 1951ರಲ್ಲಿ ನಮ್ಮ ನೆರೆಯ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಡಾಕ್ಟರ್ ಲೋಹಿಯಾ ಉತ್ತರದಿಂದ ಬಂದು ದಸ್ತಗಿರಿಯಾದರು. ಅವರು ಬಂದದ್ದರಿಂದ ದೇಶದ ಕಣ್ಣು ಕಾಗೋಡಿನ ಮೇಲೆ ಬಿತ್ತು. ಆದರೆ ಗದ್ದೆಗೆ ಇಳಿದವರು, ಸೆರೆಮನೆ ತುಂಬಿದವರು ಅಲ್ಲಿಯ ರೈತರೇ. ಹೊರಗಿನವನು ಬಂದು ಊರಿನವನ ಬೆನ್ನು ನೆಟ್ಟಗೆ ಮಾಡಿದರೆ ಅದು ಲಾಭ. ಊರಿನವನ ಜಾಗದಲ್ಲಿ ತಾನೇ ನಿಂತರೆ ಅದು ನಷ್ಟ. ಈ ಅಳತೆಗೋಲಿನಿಂದ ಆಟವನ್ನೂ ಅಳೆಯೋಣ.

2014ರಲ್ಲಿ ಪ್ರೊ ಕಬಡ್ಡಿ ಆರಂಭವಾಯಿತು. ಮಣ್ಣಿನ ಆಟ ಚಾಪೆಗೆ ಏರಿತು. ಆಟಗಾರರನ್ನು ಹರಾಜು ಕೂಗಿ ಕೊಳ್ಳತೊಡಗಿದರು. 2018ರ ಹರಾಜಿನಲ್ಲಿ ಒಂದು ಕೋಟಿ ರೂಪಾಯಿಗೆ ಮೊದಲು ಹೋದವನು ಇರಾನಿನ ಫಜಲ್ ಅತ್ರಾಚಲಿ. ಅದೇ ವರ್ಷದ ಆಗಸ್ಟಿನಲ್ಲಿ ಏಷ್ಯನ್ ಕ್ರೀಡಾಕೂಟದ ಉಪಾಂತ್ಯದಲ್ಲಿ ಇರಾನ್ ನಮ್ಮನ್ನು 27-18ರಿಂದ ಸೋಲಿಸಿತು. 1990ರಿಂದ ಏಳು ಕೂಟಗಳಲ್ಲಿ ಸತತವಾಗಿ ಬಂದಿದ್ದ ಪುರುಷರ ಚಿನ್ನ ಕೈಬಿಟ್ಟಿತು. ನಾವೇ ಕರೆದು ಕಲಿಸಿ ಸೋತೆವು ಎಂದು ಆಗ ಗೊಣಗಿದವರಿದ್ದರು. ನಾವು ಅದನ್ನು ಬೇರೆ ರೀತಿ ನೋಡುತ್ತೇವೆ. ಕುಸ್ತಿಯ ನಾಡಿನಿಂದ ಬಂದ ಇರಾನಿನ ಹುಡುಗರು ಇಲ್ಲಿ ಕಲಿತರು. ಅವರ ಹಿಡಿತದ ಎದುರು ನಿಂತು ನಮ್ಮವರೂ ಕಲಿತರು. 2023ರ ಅಕ್ಟೋಬರದಲ್ಲಿ ಹಾಂಗ್‌ಝೌನಲ್ಲಿ ಅದೇ ಇರಾನನ್ನು 33-29ರಿಂದ ಗೆದ್ದು ಚಿನ್ನ ತಂದರು. ವಿದ್ಯೆಗೆ ಬೇಲಿ ಹಾಕಿದವರು ಉದ್ಧಾರವಾದದ್ದಿಲ್ಲ.

ಇನ್ನು ನಮ್ಮ ನಾಡಿನ ಮಾತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಪ್ರೊ ಕಬಡ್ಡಿ ಗೆದ್ದಿತು. ಆ ರಾತ್ರಿ ಒಬ್ಬನೇ 22 ಅಂಕ ತಂದ ಪವನ್ ಸೆಹ್ರಾವತ್ ದಿಲ್ಲಿಯವರು. ಹೆಸರು ಬೆಂಗಳೂರಿನದು, ಕಾಲು ದಿಲ್ಲಿಯದು. ಇತ್ತ ಕನ್ನಡಿಗ ಬಿ. ಸಿ. ರಮೇಶ್ 2019ರಲ್ಲಿ ಬಂಗಾಳದ ತಂಡಕ್ಕೆ, 2024ರಲ್ಲಿ ಪುಣೆಯ ತಂಡಕ್ಕೆ ತರಬೇತಿ ಕೊಟ್ಟು ಗೆಲ್ಲಿಸಿದರು. ಬಂಗಾಳದಲ್ಲಿ, ಪುಣೆಯಲ್ಲಿ ಅವರು ಹೊರಗಿನವರೇ ಅಲ್ಲವೇ? ಕಾರ್ಕಳದ ಕಡೆಯ ಮಮತಾ ಪೂಜಾರಿ 2010 ಮತ್ತು 2014ರಲ್ಲಿ ದೇಶಕ್ಕಾಗಿ ಏಷ್ಯನ್ ಚಿನ್ನ ಗೆದ್ದವರು. ಹಳ್ಳಿಯ ಅಂಗಳದಿಂದ ಎದ್ದುಬರುವುದು ಸಾಧ್ಯ. ಅಂಗಳ ಸಿಗಬೇಕಷ್ಟೆ.

ಕಾಲ್ಚೆಂಡಿನಿಂದ ಒಂದು ಸಂಗತಿ. 2021-22ರ ಋತುವಿನಿಂದ ಇಂಡಿಯನ್ ಸೂಪರ್ ಲೀಗಿನಲ್ಲಿ ಏಕಕಾಲಕ್ಕೆ ಮೈದಾನದಲ್ಲಿ ಇರಬಹುದಾದ ವಿದೇಶೀಯರನ್ನು ಐದರಿಂದ ನಾಲ್ಕಕ್ಕೆ ಇಳಿಸಿದರು. 2022ರಲ್ಲಿ ಬೆಂಗಳೂರಿನ ಕಿರಿಯರ ತಂಡ ರಿಲಯನ್ಸ್ ಫೌಂಡೇಶನ್ನಿನ ಯುವ ಲೀಗ್ ಗೆದ್ದಿತು. ಅದೇ ವರ್ಷದ ಸೆಪ್ಟೆಂಬರ 18ರಂದು ಕಲ್ಕತ್ತೆಯಲ್ಲಿ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಂಬಯಿಯನ್ನು 2-1ರಿಂದ ಸೋಲಿಸಿತು. ಮೊದಲ ಗೋಲು ಹೊಡೆದವನು ಆ ಕಿರಿಯರ ತಂಡದಿಂದ ಮೇಲೆ ಬಂದ ತಮಿಳುನಾಡಿನ ಹುಡುಗ ಶಿವಶಕ್ತಿ. ಎರಡನೆಯದು ಬ್ರೆಜಿಲಿನ ಅಲನ್ ಕೋಸ್ಟನದು. ಒಂದು ಗೋಲು ಬೆಳೆಸಿದ್ದು, ಒಂದು ಗೋಲು ಕೊಂಡದ್ದು. ನಾವು ಕೇಳುವ ಲೆಕ್ಕ ಇಷ್ಟೇ.

ಕೊಂಡದ್ದೇ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ದೂರದ ಐರ್ಲೆಂಡನ್ನು ನೋಡಿ. ಇಡೀ ದ್ವೀಪದ ಜನ ಸೇರಿದರೂ ಬೆಂಗಳೂರಿನಷ್ಟಾಗದು. ಅಲ್ಲಿಯ ನಾಲ್ಕು ಪ್ರಾಂತಗಳಿಗೆ ನಾಲ್ಕು ರಗ್ಬಿ ತಂಡಗಳು. ಆ ಆಟದಲ್ಲಿ ಎಂಟೆಂಟು ಜನ ತಲೆತಗ್ಗಿಸಿ ಒಬ್ಬರನ್ನೊಬ್ಬರು ನೂಕುವ ಒಂದು ಘಟ್ಟವಿದೆ. ಅದರ ಮುಂದಿನ ಸಾಲಿನ ಬಲಗಡೆ ನಿಲ್ಲುವವನು ನಮ್ಮ ಮೂಲೆಯ ಹಿಡಿತಗಾರನಂತೆ ತಂಡದ ಗೂಟ. ಎರಡು ಪ್ರಾಂತಗಳು ಆ ಒಂದೇ ಜಾಗಕ್ಕೆ ವಿದೇಶೀಯರನ್ನು ತಂದಿದ್ದವು. 2012ರ ಮಾರ್ಚ 17ರಂದು ಇಂಗ್ಲೆಂಡಿನ ಎದುರು ಐರ್ಲೆಂಡಿನ ಆ ಆಟಗಾರ ಗಾಯಗೊಂಡು ಹೊರನಡೆದಾಗ, ಎಡಗಡೆಯಲ್ಲಿ ಆಡುತ್ತಿದ್ದವನನ್ನು ಬಲಗಡೆಗೆ ನಿಲ್ಲಿಸಬೇಕಾಯಿತು. ನೂಕಾಟವೆಲ್ಲ ಕುಸಿದು 30-9ರಿಂದ ಸೋತರು. ಅಪಾಯವನ್ನು ಅಲ್ಲಿಯ ಆಡಳಿತದವರು ಮೊದಲೇ ಕಂಡಿದ್ದರು. ಮೂರು ದೊಡ್ಡ ಪ್ರಾಂತಗಳಲ್ಲಿ ಸೇರಿ ಒಂದೊಂದು ಸ್ಥಾನಕ್ಕೆ ಒಬ್ಬನೇ ವಿದೇಶೀಯ ಎಂಬ ನಿಯಮವನ್ನು 2011ರ ಡಿಸೆಂಬರಿನಲ್ಲಿಯೇ ಸಾರಿದ್ದರು. ಮುಂದೆ ಅದನ್ನು ಸಡಿಲಿಸಬೇಕಾಯಿತೆಂಬುದೂ ನಿಜ. ನಾವು ಕಲಿಯಬೇಕಾದದ್ದು ಒಂದು: ಎಷ್ಟು ಜನ ಹೊರಗಿನವರು ಎಂದು ಎಣಿಸಿದರೆ ಸಾಲದು, ಯಾವ ಜಾಗದಲ್ಲಿ ನಿಂತಿದ್ದಾರೆ, ಅವರ ಹಿಂದೆ ಯಾರು ತಯಾರಾಗುತ್ತಿದ್ದಾರೆ ಎಂಬುದನ್ನು ನೋಡಬೇಕು.

ರೈತರ ಮಕ್ಕಳಿಗೆ ಇದು ಹೊಸ ಮಾತಲ್ಲ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಸಂಕರ ಹತ್ತಿ ಬಂದಿತು, ಅರಳೆ ಹೆಚ್ಚಿತು. ರಾಣೇಬೆನ್ನೂರು ಸೀಮೆಯ ಹೊಲಗಳಲ್ಲಿ ನಮ್ಮ ಹೆಣ್ಣುಮಕ್ಕಳು ಹೂವಿಗೆ ಹೂವು ಮುಟ್ಟಿಸಿ ಸಂಕರ ಬೀಜ ಮಾಡುವ ಕೆಲಸ ಬಲ್ಲರು. ಆ ಬೀಜದ ಗುಣ ನಿಮಗೆ ಗೊತ್ತು: ಈ ವರ್ಷ ಬೆಳೆ ಕೊಡುತ್ತದೆ, ಬರುವ ವರ್ಷಕ್ಕೆ ಬೀಜ ಕೊಡುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಅಷ್ಟೇ ಅಲ್ಲ, ತಂದೆ-ತಾಯಿ ತಳಿಗಳನ್ನು ಯಾರೋ ಒಬ್ಬರು ಎಲ್ಲಿಯೋ ಶುದ್ಧವಾಗಿ ಕಾಪಾಡದಿದ್ದರೆ ಸಂಕರವೇ ಹುಟ್ಟದು. ಎಲ್ಲ ಊರುಗಳೂ ಕೊಳ್ಳಲು ನಿಂತರೆ ಮಾರುವುದಕ್ಕೆ ಆಟಗಾರನನ್ನು ಬೆಳೆಸುವ ಊರು ಯಾವುದು?

ವ್ಯಾಪಾರಿ ಬಂಧುಗಳಿಗೆ ಲೆಕ್ಕದ ಭಾಷೆಯಲ್ಲಿ ಹೇಳೋಣ. ಮಾತಿಗೆ 60,000 ರೂಪಾಯಿ ವಂತಿಗೆ ಸೇರಿತೆನ್ನಿ. 50,000 ಹೊರಗಿನ ಐವರಿಗೆ, ಉಳಿದದ್ದು ಮೈಕು-ಪೆಂಡಾಲಿಗೆ ಹೋದರೆ ಮರುದಿನ ಖಾತೆಯಲ್ಲಿ ಏನು ಉಳಿಯಿತು? ಕಪ್ಪೊಂದು. ಅದು ಖರ್ಚು. ಇಬ್ಬರಿಗೆ 20,000 ಕೊಟ್ಟು, 20,000ದಲ್ಲಿ ಹುಡುಗರಿಗೆ ಬೂಟು, ಹಾಲು-ಮೊಟ್ಟೆ, ತರಬೇತಿದಾರನ ಬಸ್ ಖರ್ಚು ನೋಡಿಕೊಂಡರೆ ಅದು ಬಂಡವಾಳ. ಪೆಂಡಾಲಿಗೆ ಇನ್ನೂ 20,000 ಉಳಿದಿರುತ್ತದೆ. ಅಂಗಡಿಯಲ್ಲಿ ಬಲ್ಲ ಈ ಭೇದವನ್ನು ಅಂಗಳದಲ್ಲಿ ಮರೆಯಬೇಡಿ.

ಆದುದರಿಂದ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇವೆ. ಒಂದು, ಏಳು ಜನರಲ್ಲಿ ಹೊರಗಿನವರು ಇಬ್ಬರಿಗಿಂತ ಹೆಚ್ಚು ಬೇಡ. ಇಬ್ಬರೂ ಒಂದೇ ಬಗೆಯ ಆಟದವರಾಗಬಾರದು. ಎರಡು, ಅವರು ಪಂದ್ಯದ ಬೆಳಿಗ್ಗೆ ಬಂದು ಇಳಿಯುವುದಲ್ಲ. ಒಂದು ವಾರ ಮೊದಲು ಬಂದು ಹುಡುಗರ ಜೊತೆ ಬೆವರು ಸುರಿಸಬೇಕು, ಆ ವಾರದ ಕೂಲಿಯನ್ನು ಸಮಿತಿ ತಪ್ಪದೆ ಕೊಡಬೇಕು. ಮೂರು, ಹದಿನೆಂಟರ ಒಳಗಿನ ಇಬ್ಬರಾದರೂ ಪ್ರತಿ ಪಂದ್ಯದಲ್ಲಿ ಆಡಲೇಬೇಕು. ಅಂತಿಮ ಪಂದ್ಯಕ್ಕೂ ಇದೇ ನಿಯಮ. ನಾಲ್ಕು, ವಂತಿಗೆಯ ಮೂರನೆಯ ಒಂದು ಪಾಲು ಹುಡುಗ-ಹುಡುಗಿಯರ ತರಬೇತಿಗೆ ಮೀಸಲಾಗಬೇಕು. ಲೆಕ್ಕವನ್ನು ಎಲ್ಲರೂ ಓದುವಂತೆ ಬರೆದು ಹಚ್ಚಬೇಕು.

ಹೀಗೆ ಮಾಡಿದರೆ ಈ ವರ್ಷ ಕಪ್ಪು ಬಾರದಿರಬಹುದು. ಅದನ್ನು ಮುಚ್ಚಿಟ್ಟು ನಿಮ್ಮ ಕೈ ಎತ್ತಿಸಲು ನಾವು ಬಯಸುವುದಿಲ್ಲ. ಒಂದೆರಡು ವರ್ಷ ಸೋಲನ್ನು ಉಣ್ಣಬೇಕಾದೀತು. ಕೆಲವರು ವಂತಿಗೆ ಕಡಿಮೆ ಮಾಡಿಯಾರು. ಆದರೆ ಸೋತರೂ ಸೋತವರು ನಮ್ಮ ಹುಡುಗರಾಗಿರುತ್ತಾರೆ. ಮರುದಿನ ಸಂಜೆ ಅದೇ ಅಂಗಳಕ್ಕೆ ಬರುತ್ತಾರೆ. ಹೋದ ವರ್ಷ ಗೆದ್ದವರು ಅದೇ ರಾತ್ರಿ ಜೀಪು ಹತ್ತಿ ಹೋದರು.

ನಿಂತುಹೋದ ಆ ಇಬ್ಬರು ಹುಡುಗರ ಮನೆಗೆ ನಾಳೆ ನಾವು ಹೋಗುತ್ತೇವೆ. ನಮ್ಮ ಸಂಗಡ ಸಮಿತಿಯವರೂ ಬರಬೇಕೆಂದು ಕೋರುತ್ತೇವೆ. ಈ ಸೂಚನೆಗಳನ್ನು ಸಭೆ ಒಪ್ಪಲಿ, ಇಲ್ಲವೇ ತಿದ್ದಲಿ. ಆದರೆ ಚೀಟಿ ಪುಸ್ತಕ ಅಚ್ಚಾಗುವ ಮುನ್ನ ನಿರ್ಣಯವಾಗಲಿ.