ಸನ್ಮಾನ ಮತ್ತು ಸಂಬಳ

(ಪೌರಕಾರ್ಮಿಕರ ದಿನವಾದ ಸೆಪ್ಟೆಂಬರ್ 23ರಂದು ಪುರಭವನದಲ್ಲಿ ಸೇರಿದ್ದ ಸಾರ್ವಜನಿಕ ಸಭೆಯಲ್ಲಿ ನಗರಸಭೆಯ ಮಾಜಿ ಸದಸ್ಯರೊಬ್ಬರು ಮಾಡಿದ ಭಾಷಣ)



ಎಂಟು ಮಂದಿಗೆ ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು. ನಾನೂ ಚಪ್ಪಾಳೆ ತಟ್ಟಿದೆ. ಸಂತೋಷದಿಂದಲೇ ತಟ್ಟಿದೆ. ಬೆಳಿಗ್ಗೆ ಐದೂವರೆಗೆ ಪೇಟೆಬೀದಿಗೆ ಇಳಿಯುವವರನ್ನು ಊರು ವರ್ಷಕ್ಕೊಮ್ಮೆಯಾದರೂ ಹಗಲಿನಲ್ಲಿ ಕಣ್ತುಂಬ ನೋಡಲಿ. ಆದರೆ ಆಹ್ವಾನ ಪತ್ರಿಕೆ ಇಲ್ಲಿದೆ. ನಮ್ಮಂಥವರ ಹೆಸರಿಗೆಲ್ಲ 'ಶ್ರೀಯುತ' ಇದೆ, ಹಿಂದೆ ಮುಂದೆ ಪದವಿಗಳಿವೆ. ಸನ್ಮಾನಿತರ ಹೆಸರೇ ಇಲ್ಲ. 'ಎಂಟು ಮಂದಿ ಪೌರಕಾರ್ಮಿಕರು' ಎಂದು ಒಂದು ಸಾಲಿದೆ, ಅಷ್ಟೆ. ಅಚ್ಚಿನ ಮನೆಯವರ ತಪ್ಪು ಎನ್ನಬೇಡಿ. ಬರೆದುಕೊಟ್ಟವರು ನಾವು.

ಈಗ ವೇದಿಕೆಯ ಮೇಲೆ ಕುಳಿತ ಅಕ್ಕನವರೊಬ್ಬರು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, "ಶಾಲು ಚೆನ್ನಾಗೈತೆ ಸ್ವಾಮಿ, ಎರಡು ತಿಂಗಳಿನ ಸಂಬಳ ಯಾವಾಗ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ರಾಜ್ಯದಲ್ಲಿ ಈ ಜನಕ್ಕೆ ಮಾತಿನ ಮರ್ಯಾದೆ ಕಡಿಮೆಯಾಗಿಲ್ಲ. 1972ರಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದು ಮಾತಲ್ಲ, ಹುಕುಂ. ದೊಡ್ಡ ಕೆಲಸ. 1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ವರದಿ ಕೊಟ್ಟಿತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕೆಂದಿತು. ಸರ್ಕಾರ ಅದನ್ನು ಎಳೆದು 700ಕ್ಕೆ ಒಬ್ಬ ಎಂದು ಮಾಡಿತು. ಕಾಗದದ ಮೇಲೆ ಬರೀ 200ರ ವ್ಯತ್ಯಾಸ. ಬೀದಿಯಲ್ಲಿ ಅದು ಒಬ್ಬ ಹೆಂಗಸಿನ ಸೊಂಟದ ಮೇಲೆ ಬೀಳುತ್ತದೆ.

ಇನ್ನು ಸವಣೂರು. ಬಹಳ ಮಂದಿ ಅದನ್ನು ಮರೆತಿದ್ದಾರೆ, ನಾನು ಮರೆಯಲು ಬಿಡುವುದಿಲ್ಲ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಆ ಊರಿನ ಪುರಸಭೆಯೆದುರು ಭಂಗಿ ಸಮಾಜದ ಕೆಲವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ತಾವಿದ್ದ ಜಾಗದಿಂದ ಎಬ್ಬಿಸುತ್ತಾರೆಂಬುದು ಅವರ ಕೂಗು. ಬಸವಲಿಂಗಪ್ಪನವರ ಹುಕುಂ ಬಂದು ಮೂರು ದಶಕ ಕಳೆದಿತ್ತು. ಅರ್ಜಿ ಕೊಟ್ಟರೆ ಕೇಳದವರು ಆ ವಾಸನೆಗೆ ಕಿಟಕಿ ತೆಗೆದು ನೋಡಿದರು, ನಾಡೆಲ್ಲ ನೋಡಿತು. ಒಂದು ಪುರಸಭೆ ತನ್ನ ಮಾತು ಕೇಳಿಸಿಕೊಳ್ಳಬೇಕಾದರೆ ಮನುಷ್ಯ ಇಷ್ಟು ಮಾಡಬೇಕೇ?

2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ನಾಲ್ಕು ದಿನ ಪೊರಕೆ ಕೆಳಗಿಟ್ಟರು. ನಾಲ್ಕೇ ದಿನ! ಸೆಪ್ಟೆಂಬರ್ ಹೊತ್ತಿಗೆ 11,133 ಮಂದಿಯನ್ನು ಕಾಯಂ ಮಾಡಲು ಮಂತ್ರಿಮಂಡಲ ಒಪ್ಪಿತು. ಸನ್ಮಾನ ಸಭೆಗಳಲ್ಲಿ ವರ್ಷಗಟ್ಟಲೆ ಆಗದಿದ್ದದ್ದು ಹೀಗೆ ಆಯಿತು. ಆಗಲೂ ಕಸದ ಗಾಡಿ ಓಡಿಸುವವರು, ಗಾಡಿಗೆ ಕಸ ತುಂಬುವವರು ಗುತ್ತಿಗೆದಾರನ ಕೈಕೆಳಗೇ ಉಳಿದರು. ಕಸ ಒಂದೇ, ಗಾಡಿ ಒಂದೇ, ಹಾಜರಿ ಪುಸ್ತಕ ಮಾತ್ರ ಬೇರೆ.

ಬೇರೆಯವರನ್ನು ದೂರಿ ನಾನು ಜಾರಿಕೊಳ್ಳುವುದಿಲ್ಲ. ನಾನು ಸದಸ್ಯನಾಗಿದ್ದಾಗ ಒಂದು ತಿಂಗಳ ಸಾಮಾನ್ಯ ಸಭೆಯ ಅಜೆಂಡಾದಲ್ಲಿ 31 ವಿಷಯಗಳಿದ್ದವು. ಮಳಿಗೆ ಹರಾಜಿಗೆ ಎರಡು ಗಂಟೆ ಕಾದಾಡಿದೆವು. ಒಂದು ಸರ್ಕಲ್ಲಿಗೆ ಯಾರ ಹೆಸರಿಡಬೇಕೆಂದು ಮತ್ತೊಂದು ಗಂಟೆ. ಕೈಗವಸು, ಗಂಬೂಟು ಕೊಳ್ಳುವುದು 29ನೆಯ ವಿಷಯ. ಅದು ಬರುವ ಹೊತ್ತಿಗೆ ಊಟದ ವೇಳೆ ಮೀರಿತ್ತು. ಕೋರಂ ಇಲ್ಲವೆಂದು ಮುಂದಕ್ಕೆ ಹಾಕಿದರು. ಎದ್ದುಹೋದವರಲ್ಲಿ ನಾನೂ ಒಬ್ಬ. ಆ ಮಳೆಗಾಲ ಈ ಊರಿನ ಚರಂಡಿಗಳನ್ನು ಬರಿಗೈಯಲ್ಲಿ ಎತ್ತಿದರು. ಇಲ್ಲಿ ಕುಳಿತವರಲ್ಲಿ ಇಬ್ಬರಿಗಾದರೂ ಅದು ನೆನಪಿರುತ್ತದೆ.

ಮಲಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು 2013ರ ಕಾನೂನು ಹೇಳುತ್ತದೆ. ಚರಂಡಿಯಲ್ಲಿ ಸತ್ತವನ ಮನೆಯವರಿಗೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿತು. ಸತ್ತ ಮೇಲಿನ ಲೆಕ್ಕ ದಿಲ್ಲಿಯಲ್ಲಾಯಿತು. ಬದುಕಿದ್ದಾಗಿನ ಗಂಬೂಟಿನ ಲೆಕ್ಕ ನಮ್ಮ ನಗರಸಭೆಯದು.

ಅಧ್ಯಕ್ಷರೇ, ಗಂಟೆ ಬಾರಿಸಿದಿರಿ, ಕೇಳಿಸಿತು. ಒಂದೇ ಬೇಡಿಕೆ. ಮುಂದಿನ ತಿಂಗಳ ಸಭೆಯಲ್ಲಿ ಮೊದಲನೆಯ ವಿಷಯವಾಗಿ ಇದನ್ನು ಹಾಕಿ: ಕಾಯಂ ಆದವರಿಗಾಗಲಿ, ನೇರ ಪಾವತಿಯವರಿಗಾಗಲಿ, ಗುತ್ತಿಗೆಯವರಿಗಾಗಲಿ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಸಂಬಳ, ಅದು ಆಗುವವರೆಗೆ ಸದಸ್ಯರ ಗೌರವಧನದ ಬಿಲ್ಲಿಗೆ ರುಜು ಇಲ್ಲ. ಠರಾವು ಬರೆದು ತಂದಿದ್ದೇನೆ, ಇಲ್ಲಿದೆ, ಸಭೆಯ ಮುಂದೆಯೇ ಪೌರಾಯುಕ್ತರ ಕೈಗೆ ಕೊಡುತ್ತಿದ್ದೇನೆ. ಮಂಡಿಸಲು ನಾನೀಗ ಸದಸ್ಯನಲ್ಲ. ವೇದಿಕೆಯ ಮೇಲಿರುವ ಐವರು ಸದಸ್ಯರಲ್ಲಿ ಒಬ್ಬರು ಮಂಡಿಸಿ, ಒಬ್ಬರು ಅನುಮೋದಿಸಿದರೆ ಸಾಕು.

ಅಕ್ಕನವರೇ, ಸಾಮಾನ್ಯ ಸಭೆ ಸಾರ್ವಜನಿಕರಿಗೆ ತೆರೆದದ್ದು. ಆ ದಿನ ಕೆಲಸ ಮುಗಿಸಿ ನೀವೆಲ್ಲ ಬನ್ನಿ. ಶಾಲು ಹೊದ್ದುಕೊಂಡೇ ಬನ್ನಿ. ನಾನು ಬಾಗಿಲಲ್ಲಿ ಕಾಯುತ್ತಿರುತ್ತೇನೆ.