ಮನೆಬಾಗಿಲಿಗೆ ಬಂದ ದ್ವೀಪ

ಮಳೆಗಾಲ ಬಂತು ಅಂದ್ರೆ ನಮ್ಮ ನ್ಯೂಸ್‌ರೂಮ್‌ಗೆ ಒಂದು ಪದ ಬಂದು ಕೂರುತ್ತೆ: 'ನಡುಗಡ್ಡೆ'. ನಡುಗಡ್ಡೆಯಲ್ಲಿ ಸಿಲುಕಿದ ಕುಟುಂಬ, ಬೋಟ್ ಬಂತು, ರಕ್ಷಣೆ ಆಯ್ತು. ಅಲ್ಲಿಗೆ ನಮ್ಮ ಸುದ್ದಿ ಮುಗೀತು. ಕಥೆಗಾರರು ಶುರು ಮಾಡೋದೇ ಬೋಟ್ ಬಾರದ ಜಾಗದಿಂದ. 1719ರಲ್ಲಿ ಡೇನಿಯಲ್ ಡಿಫೋ ಬರೆದ ರಾಬಿನ್ಸನ್ ಕ್ರೂಸೋ ಇವತ್ತಿಗೂ ಪುಸ್ತಕದಂಗಡಿಯಲ್ಲಿದ್ದಾನೆ. 2000ದ 'ಕಾಸ್ಟ್ ಅವೇ' ಸಿನಿಮಾದಲ್ಲಿ ಟಾಮ್ ಹ್ಯಾಂಕ್ಸ್‌ನ ವಾಲಿಬಾಲ್ ಕಡಲಲ್ಲಿ ತೇಲಿಹೋದಾಗ ನಾವು ಅತ್ತಿದ್ದೇವೆ. ಒಂದು ಚೆಂಡಿಗೆ!

ಉಡುಪಿ ಕಡೆಯ ವೀಕ್ಷಕರಿಗೆ ಈ ಸೆಳೆತವನ್ನು ಬಿಡಿಸಿ ಹೇಳಬೇಕಿಲ್ಲ. 1901ರಿಂದ ಬಂಡೆಯ ಮೇಲೆ ಒಂಟಿಯಾಗಿ ನಿಂತಿರುವ ಕಾಪು ದೀಪಸ್ತಂಭ ನೋಡೋಕೆ ಮಣಿಪಾಲದ ಹುಡುಗರು ಗುಂಪುಗುಂಪಾಗಿ ಹೋಗ್ತಾರೆ. ಕಾರ್ಕಳದ ಬೆಟ್ಟದಲ್ಲಿ 1432ರಿಂದ ನಿಂತಿರುವ ಬಾಹುಬಲಿಯೂ ಒಂಟಿಯೇ. ಆದರೆ ಆತ ಗೆದ್ದ ರಾಜ್ಯ ಬಿಟ್ಟು ತಾನಾಗಿ ಹೋಗಿ ನಿಂತವನು. ಬಳ್ಳಿ ಮೈಗೆ ಸುತ್ತಿದರೂ ಕದಲಲಿಲ್ಲ. ಕ್ರೂಸೋ ಸಿಕ್ಕಿಬಿದ್ದವನು. ಇವೆರಡೂ ಅಲ್ಲದ ಇನ್ನೊಂದು ಬಗೆಯ ಒಂಟಿತನ ಇದೆ. ಅದು ಘಟ್ಟದ ಮೇಲೆ, ಇಲ್ಲೇ ಪಕ್ಕದಲ್ಲಿ.

ನಾ. ಡಿಸೋಜರ ಕಾದಂಬರಿ 'ದ್ವೀಪ'. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು; 2001ನೇ ಸಾಲಿನ ಸ್ವರ್ಣಕಮಲ ಬಂತು. ನಿರ್ಮಾಪಕಿಯೂ ನಾಯಕಿಯೂ ಸೌಂದರ್ಯ. ಇಲ್ಲಿ ಯಾವ ಹಡಗೂ ಒಡೆಯಲ್ಲ. ಅಣೆಕಟ್ಟಿನ ನೀರು ಏರುತ್ತೆ, ಊರವರು ಪರಿಹಾರ ತಗೊಂಡು ಹೊರಡ್ತಾರೆ, ಗುಡ್ಡದ ಮೇಲೆ ಒಂದು ಮನೆ ಉಳಿಯುತ್ತೆ. ಆ ಮಳೆಯಲ್ಲಿ ಮನೆಯನ್ನು ಕಾಪಾಡೋದು ಸೊಸೆ ನಾಗಿ. ಮಳೆ ನಿಂತ ಮೇಲೆ ಗಂಡ ಕೈಮುಗಿಯೋದು ದೇವರಿಗೆ. ನನ್ನ ಕೇಳಿದರೆ, ಕ್ರೂಸೋಗಿಂತ ನಾಗಿಯೇ ಹೆಚ್ಚು ಒಂಟಿ, ಅದೂ ಗಂಡ ಪಕ್ಕದಲ್ಲೇ ಇರುವಾಗ.

ಡಿಸೋಜ ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದವರು. ಮುಳುಗುವ ಊರುಗಳನ್ನು ಹತ್ತಿರದಿಂದ ಕಂಡವರು. ನಾನೋ ಇಂಜಿನಿಯರಿಂಗ್ ಓದಿದವನು. ಲಿಂಗನಮಕ್ಕಿ ಅಂದ್ರೆ ನಮ್ಮಂಥವರಿಗೆ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ನಮ್ಮ ಸ್ಕ್ರಾಲ್‌ನಲ್ಲೂ ಓಡೋದು ಅದೇ ಅಂಕಿ. ಅದು ಏರಿದಷ್ಟೂ ನಾಡಿಗೆ ಕರೆಂಟು, ನಮಗೆ ಒಳ್ಳೆ ಸುದ್ದಿ. ಅದೇ ನೀರಿನ ಆಚೆ ತುಮರಿ ಕಡೆಯ ಜನ ಸುಮಾರು ಆರು ದಶಕ ಲಾಂಚ್ ನಂಬಿಕೊಂಡು ಬದುಕಿದರು. ರೋಗಿ, ಬಸುರಿ, ಮದುವೆ ದಿಬ್ಬಣ, ಎಲ್ಲರಿಗೂ ಲಾಂಚ್ ಹೊರಡುವ ಹೊತ್ತೇ ಮುಹೂರ್ತ. ಸಿಗಂದೂರಿಗೆ ಹೋಗುವ ನಾವು ಅದೇ ಲಾಂಚ್‌ನಲ್ಲಿ ನಿಂತು ಸೆಲ್ಫಿ ತೆಗೆದುಕೊಂಡೆವು.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯ್ತು. ಉದ್ದ 2.44 ಕಿಲೋಮೀಟರ್. ಡಿಸೋಜ ಅದೇ ವರ್ಷ ಜನವರಿ 5ರಂದು ತೀರಿಕೊಂಡಿದ್ದರು.